ಬೀದರಕ್ಕೆ ತಡವಾಗಿ ಬಂದ ಚಿತ್ರಗಳು

2020ನೆಯ ಇಸವಿಯ ಮಾರ್ಚ್ 25ರಂದು ದೇಶಕ್ಕೆ ದೇಶವೇ ಮನೆಯ ಕದ ಹಾಕಿಕೊಂಡು ಕುಳಿತಿತು. ನಮ್ಮ ಸೀಮೆಗೆ ಆ ಭಯ ಎರಡು ವಾರ ಮೊದಲೇ ಮುಟ್ಟಿತ್ತು. ಕೊರೋನಾ ರೋಗದಿಂದ ಭಾರತದಲ್ಲಿ ಮೊದಲು ತೀರಿಕೊಂಡವರು ನೆರೆಯ ಕಲಬುರಗಿಯ ಒಬ್ಬ ವೃದ್ಧರು; ಅದು ಮಾರ್ಚ್ 10ರ ಮಾತು. ಅದರ ಬೆನ್ನಿಗೇ ರಾಜ್ಯದ ಚಿತ್ರಮಂದಿರಗಳು ಮುಚ್ಚಿದವು. ಅಂಗಡಿ, ಶಾಲೆ, ಗುಡಿ, ಮಸೀದಿ ಎಲ್ಲ ಮುಚ್ಚಿದ ಆ ದಿನಗಳಲ್ಲಿ ಓದು ಬಲ್ಲವರೂ ಬಾರದವರೂ ಒಂದೇ ಸಮನೆ ಹಿಡಿದ ಕೆಲಸವೆಂದರೆ ಹಳೆಯ ಚಿತ್ರಗಳನ್ನೂ ಹಳೆಯ ಧಾರಾವಾಹಿಗಳನ್ನೂ ನೋಡುವುದು. 1987ರ ಜನವರಿಯಲ್ಲಿ ಮೊದಲು ಪ್ರಸಾರವಾಗಿದ್ದ ರಾಮಾನಂದ ಸಾಗರರ ‘ರಾಮಾಯಣ’ವನ್ನು ದೂರದರ್ಶನ ಮಾರ್ಚ್ 28ರಿಂದ ದಿನಕ್ಕೆರಡು ಬಾರಿ ಮತ್ತೆ ತೋರಿಸತೊಡಗಿತು. ಏಪ್ರಿಲ್ 16ರ ಕಂತನ್ನು 7 ಕೋಟಿ 70 ಲಕ್ಷ ಜನ ನೋಡಿದರೆಂದೂ ಅದು ಜಗತ್ತಿನ ದಾಖಲೆಯೆಂದೂ ಸಾರಿಕೊಂಡಿತು. ದಾಖಲೆಯ ಮಾತನ್ನು ಒಪ್ಪದವರೂ ಇದ್ದರು. ಇರಲಿ, ಜನ ನೋಡಿದ್ದಂತೂ ನಿಜ. ಚಿದ್ರಿಯ ನಮ್ಮ ಓಣಿಯಲ್ಲಿ ಸಂಜೆಯ ಹೊತ್ತು ಒಂದು ಮನೆಯಿಂದ ರಾಮಾಯಣದ ಚೌಪಾಯಿ ಕೇಳಿಬಂದರೆ, ರಂಜಾನ್ ತಿಂಗಳು ಹಿಡಿದ ಮೇಲೆ ಪಕ್ಕದ ಮನೆಯಿಂದ ‘ಎರ್ತುಗ್ರುಲ್’ ಎಂಬ ತುರ್ಕಿ ಧಾರಾವಾಹಿಯ ಉರ್ದು ಮಾತು ಕೇಳಿಬರುತ್ತಿತ್ತು.

ಪತ್ರಿಕೆಗಳು ಇದನ್ನೆಲ್ಲ ಹಳೆಯ ನೆನಪಿನ ಸುಖವೆಂದು ಬಣ್ಣಿಸಿದವು. ಕನ್ನಡ ಚಿತ್ರಗಳ ಮಟ್ಟಿಗೆ ಬೆಂಗಳೂರು, ಮೈಸೂರು, ದಾವಣಗೆರೆಗಳಲ್ಲಿ ಆ ಮಾತು ಸಲ್ಲಬಹುದು. ‘ಬಂಗಾರದ ಮನುಷ್ಯ’ವನ್ನು 1972ರಲ್ಲಿ ಮೂರು ಸಲ ನೋಡಿದವರು 2020ರಲ್ಲಿ ನಾಲ್ಕನೆಯ ಸಲ ನೋಡಿ ಕಣ್ಣೊರೆಸಿಕೊಂಡರೆ ಅದು ನೆನಪು. ಬೀದರದ ನನ್ನ ವಾರಿಗೆಯವರಲ್ಲಿ ಬಹುಮಂದಿಗೆ, ನಮಗಿಂತ ಹಿರಿಯರಿಗಂತೂ ಖಂಡಿತವಾಗಿ, ಅದು ನೆನಪಾಗಿರಲಿಲ್ಲ. ಐವತ್ತು ಅರವತ್ತು ವರ್ಷಗಳ ಹಿಂದೆ ಬರಬೇಕಾಗಿದ್ದ ಚಿತ್ರಗಳನ್ನು ನಾವು ಆಗ ಮೊದಲ ಬಾರಿ ಕಂಡೆವು. ಹೀಗೇಕಾಯಿತು ಎಂಬುದೇ ಇಂದಿನ ನನ್ನ ಮಾತಿನ ವಸ್ತು.

ಮೊದಲ ಭಾರತೀಯ ವಾಕ್ಚಿತ್ರ ‘ಆಲಂ ಆರಾ’ ಬೊಂಬಾಯಿಯಲ್ಲಿ ತೆರೆ ಕಂಡದ್ದು 1931ರ ಮಾರ್ಚ್ 14ರಂದು. ಅದರ ಮಾತು ಹಿಂದೂಸ್ತಾನಿ. ಮೂರು ವರ್ಷಗಳ ಬಳಿಕ, 1934ರ ಮಾರ್ಚ್ 3ರಂದು, ಬೆಂಗಳೂರಿನಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡಿತು. ವೈ.ವಿ. ರಾವ್ ಅದರ ನಿರ್ದೇಶಕರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾವ್ ರಾವಣ. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಬೀದರಕ್ಕೆ ಬೆಂಗಳೂರು ಸುಮಾರು 700 ಕಿಲೋಮೀಟರು ದೂರ. ಕೊಲ್ಹಾಪುರ ಅದಕ್ಕಿಂತ ಎಷ್ಟೋ ಹತ್ತಿರ. ಆದರೂ 1934ರ ಬೀದರದ ಪಟ್ಟಣಿಗನೊಬ್ಬನಿಗೆ ಈ ಎರಡು ಚಿತ್ರಗಳನ್ನೂ ತೋರಿಸಿದ್ದರೆ ಅವನಿಗೆ ಸಲೀಸಾಗಿ ತಿಳಿಯುತ್ತಿದ್ದುದು ‘ಆಲಂ ಆರಾ’ದ ಮಾತೇ ಎಂದು ನನ್ನ ಊಹೆ. ನಿಜಾಮರ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ಶಿಕ್ಷಣದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ಕನ್ನಡವು ಮನೆಯಲ್ಲಿ, ಹೊಲದಲ್ಲಿ, ಮಠದಲ್ಲಿ ಉಳಿದಿತ್ತು. ಉರ್ದುವನ್ನು ದೂರುವುದಕ್ಕಾಗಿ ನಾನು ಈ ಮಾತು ಹೇಳುತ್ತಿಲ್ಲ. ಅದೂ ನಮ್ಮ ಮನೆಯ ಭಾಷೆಗಳಲ್ಲೊಂದು. ನಮ್ಮ ಕನ್ನಡದೊಳಗೆ ಅದು ಎಷ್ಟು ಬೆರೆತಿದೆಯೆಂಬುದನ್ನು ನಮ್ಮ ಕಡೆಯವರ ಮಾತು ಕೇಳಿದವರೆಲ್ಲ ಬಲ್ಲರು.

ಕನ್ನಡ ಚಿತ್ರೋದ್ಯಮವಾದರೂ ಆಗ ಬಡವಾಗಿಯೇ ಇತ್ತು. ಮೊದಲ ಹತ್ತು ವರ್ಷಗಳಲ್ಲಿ ತಯಾರಾದ ಚಿತ್ರಗಳ ಸಂಖ್ಯೆ ಇಪ್ಪತ್ತನ್ನು ಮುಟ್ಟಲಿಲ್ಲ. ಹಳೆಯ ಮೈಸೂರಿಗೇ ಸಾಲದ್ದು ಬೀದರಕ್ಕೆ ಎಲ್ಲಿಂದ ಬಂದೀತು?

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯವೇ ಇಲ್ಲವಾಯಿತು. ಆ ದಿನ ನಮ್ಮ ಜಿಲ್ಲೆ ಮೂರು ಹೋಳಾಯಿತು: ಉದಗೀರ, ಅಹಮದಪುರ, ನಿಲಂಗಾ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡದ ಕಡೆ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಕಡೆಯ ನಾವು ಮೈಸೂರಿಗೆ. ಇದನ್ನು ಚರಿತ್ರೆಯ ಪುಸ್ತಕಗಳೆಲ್ಲ ಹೇಳುತ್ತವೆ. ಅವು ಹೇಳದ ಸಂಗತಿಯೊಂದಿದೆ. ಹಿಂದಿ ಚಿತ್ರಗಳ ಹಂಚಿಕೆದಾರರು ವ್ಯಾಪಾರದ ಅನುಕೂಲಕ್ಕಾಗಿ ದೇಶವನ್ನು ವಲಯಗಳಾಗಿ ಹಂಚಿಕೊಂಡಿದ್ದಾರಷ್ಟೆ. ಮುಂಬಯಿ ಒಂದು ವಲಯ, ಮೈಸೂರು ಒಂದು ವಲಯ. ಹಾಗೆಯೇ ‘ನಿಜಾಮ್’ ಎಂಬುದೊಂದು ವಲಯ. ತೆಲಂಗಾಣ, ಮರಾಠವಾಡ, ಬೀದರ-ಕಲಬುರಗಿಯ ನಮ್ಮ ಜಿಲ್ಲೆಗಳು ಅದರೊಳಗೆ. ರಾಜ್ಯ ಹೋಯಿತು, ನಿಜಾಮರು ಹೋದರು, ಭೂಪಟದ ಬಣ್ಣ ಬದಲಾಯಿತು. ಹಂಚಿಕೆದಾರರ ಲೆಕ್ಕದ ಪುಸ್ತಕದಲ್ಲಿ ಮಾತ್ರ ನಿಜಾಮ್ ಸೀಮೆ ಹಾಗೆಯೇ ಉಳಿಯಿತು. ಹೈದರಾಬಾದು ನಮಗೆ 150 ಕಿಲೋಮೀಟರಿಗಿಂತಲೂ ಹತ್ತಿರ. ಚಿತ್ರದ ಪೆಟ್ಟಿಗೆ ಬರುತ್ತಿದ್ದುದು ಆ ದಾರಿಯಿಂದ. ಆ ಪೆಟ್ಟಿಗೆಯಲ್ಲಿ ಹಿಂದಿ ಇರುತ್ತಿತ್ತು, ಕೆಲವೊಮ್ಮೆ ತೆಲುಗು ಇರುತ್ತಿತ್ತು. ಔರಾದ, ಭಾಲ್ಕಿಯ ಕಡೆಯ ಹಳ್ಳಿಗಳಿಗೆ ಮರಾಠಿಯೂ ಹೊಸದಲ್ಲ. ಕನ್ನಡ ಚಿತ್ರ ಬರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಬಂದರೆ ಹಳೆಯದಾಗಿ, ಗೀರು ಬಿದ್ದು, ಎರಡು ಮೂರು ದಿನದ ಮಟ್ಟಿಗೆ ಬರುತ್ತಿತ್ತು. ರಾಜ್ಯಗಳ ಗಡಿಯನ್ನು ಎಳೆಯುವುದಕ್ಕೆ ಆಯೋಗವೊಂದು ಸಾಕಾಯಿತು. ವ್ಯಾಪಾರದ ಗಡಿಯನ್ನು ಅಳಿಸಲು ಯಾವ ಆಯೋಗವೂ ಬರಲಿಲ್ಲ.

ಹಾಗಾದರೆ ಕನ್ನಡ ಚಿತ್ರಲೋಕ ನಮಗೆ ಪೂರ್ತಿ ಅಪರಿಚಿತವಾಗಿತ್ತೆ? ಅದೂ ಇಲ್ಲ. ಅಲ್ಲಿ ನಮ್ಮನ್ನು ಕಾಪಾಡಿದ್ದು ರೇಡಿಯೋ. ಧಾರವಾಡ ಆಕಾಶವಾಣಿ 1950ರಲ್ಲಿ, ಕಲಬುರಗಿ ಆಕಾಶವಾಣಿ 1966ರಲ್ಲಿ ಆರಂಭವಾದವು. ಸಿಲೋನಿನ ಹಿಂದಿ ಹಾಡುಗಳ ನಡುವೆ ನಾವು ಪಿ.ಬಿ. ಶ್ರೀನಿವಾಸರ, ಎಸ್. ಜಾನಕಿಯವರ ದನಿಗಳನ್ನು ಕಲಿತದ್ದು ಕಲಬುರಗಿ ಕೇಂದ್ರದಿಂದ. ಹಾಡು ಬಾಯಿಪಾಠ, ಚಿತ್ರ ಕಂಡಿಲ್ಲ. ಯಾವ ಸಂದರ್ಭದಲ್ಲಿ ಯಾರು ಯಾರಿಗೆ ಹಾಡುತ್ತಾರೆಂಬುದನ್ನು ನಾವೇ ಕಲ್ಪಿಸಿಕೊಳ್ಳುತ್ತಿದ್ದೆವು. ಲಾಕ್‌ಡೌನಿನಲ್ಲಿ ಆ ಚಿತ್ರಗಳನ್ನು ನೋಡುವಾಗ ನನ್ನ ಕಲ್ಪನೆಯ ಸನ್ನಿವೇಶವೇ ಒಂದು, ತೆರೆಯ ಮೇಲಿನದೇ ಒಂದು. ಎಷ್ಟೋ ಕಡೆ ನನ್ನದೇ ಮೇಲೆಂದು ತೋರಿತು.

ದೂರದರ್ಶನದ ಕತೆ ಇದಕ್ಕಿಂತ ವಿಚಿತ್ರ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನದ ಪ್ರಯೋಗ ನಡೆಯಿತು. ‘ಸೈಟ್’ ಎಂದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಾಪುರದ ಕಡೆಯ ಹಳ್ಳಿಗಳು. ಬೇಸಾಯ, ಆರೋಗ್ಯ, ಮಕ್ಕಳ ಪಾಠ: ಇವುಗಳ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನಲ್ಲಿ! ಪ್ರಯೋಗದ ಮುಂದುವರಿಕೆಯಾಗಿ 1977ರಲ್ಲಿ ಕಲಬುರಗಿಗೆ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ಎಲ್ಲವೂ ನಮಗೆ ತಡವಾಗಿ ಬಂದವೆಂದು ಕೊರಗುವ ನಮ್ಮವರು ಈ ಒಂದು ಸಂಗತಿಯನ್ನು ಮರೆಯಬಾರದು. ಆದರೆ ಆ ಪೆಟ್ಟಿಗೆಯಲ್ಲಿ ಬಂದದ್ದು ಗೊಬ್ಬರ, ಬೀಜದ ಮಾತು. ಚಿತ್ರಗಳು ಬಂದದ್ದು ಅನಂತರ, 1980ರ ದಶಕದಲ್ಲಿ ದೆಹಲಿಯ ಜಾಲದ ಭಾನುವಾರ ಮಧ್ಯಾಹ್ನಗಳಲ್ಲಿ. ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳ ಸರದಿಯಲ್ಲಿ ಕನ್ನಡಕ್ಕೂ ಪಾಲಿರುತ್ತಿತ್ತು. ನೆರೆಹೊರೆಯವರೆಲ್ಲ ಒಂದೇ ಮನೆಯಲ್ಲಿ ನೆರೆದು ಕುಳಿತಿರುವಾಗ ಕರೆಂಟು ಹೋಗುತ್ತಿತ್ತು. ‘ಘಟಶ್ರಾದ್ಧ’ದ ಮೊದಲರ್ಧವನ್ನು ನಾನು ಆಗ ಕಂಡೆ, ಉಳಿದರ್ಧವನ್ನು ಕಂಡದ್ದು 2020ರಲ್ಲಿ.

ಕನ್ನಡ ಅಧ್ಯಾಪಕನಾಗಿ ಈ ಕೊರತೆ ನನ್ನನ್ನು ಬೇರೊಂದು ಬಗೆಯಲ್ಲಿ ಕಾಡಿದೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರ ಚಿತ್ರ ಬಂದದ್ದು 1970ರಲ್ಲಿ. ಸೆನ್ಸಾರಿನ ತಡೆಯನ್ನು ದಾಟಿ ಅದು ಸ್ವರ್ಣಕಮಲ ಪಡೆಯಿತು. ಕಾರಂತರ ‘ಚೋಮನ ದುಡಿ’ 1933ರದು; ಬಿ.ವಿ. ಕಾರಂತರು ಅದನ್ನು ಚಿತ್ರವಾಗಿಸಿದ್ದು 1975ರಲ್ಲಿ. ಅದಕ್ಕೂ ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ಆ ವರ್ಷದ ಶ್ರೇಷ್ಠ ನಟ ಪ್ರಶಸ್ತಿ ಬಂತು. ನಾನು ಈ ಎರಡು ಕಾದಂಬರಿಗಳನ್ನೂ ಮತ್ತೆ ಮತ್ತೆ ಪಾಠ ಮಾಡಿದ್ದೇನೆ. ಚಿತ್ರಗಳ ಹೆಸರನ್ನು ಹೇಳಿ ಮುಂದೆ ಹೋಗುತ್ತಿದ್ದೆ. ನಮ್ಮ ಹುಡುಗರು ಹಲಗೆ ಬಲ್ಲರು, ದುಡಿಯನ್ನು ಕಂಡವರಲ್ಲ. ಅದು ಎಷ್ಟು ದೊಡ್ಡದು, ಅದರ ಸದ್ದು ಎಂಥದು ಎಂದು ಕೇಳಿದರೆ ಮಲೆನಾಡು ಕರಾವಳಿಗಳನ್ನು ಕಾಣದ ನಾನಾದರೂ ಏನು ಹೇಳಲಿ? ಚೋಮ ಗುಡಿಸಿಲ ಬಾಗಿಲು ಹಾಕಿಕೊಂಡು ಕೊನೆಯ ಬಾರಿ ದುಡಿ ಬಾರಿಸುವ ಭಾಗವನ್ನು ಓದುವಾಗ ತರಗತಿ ಗಂಭೀರವಾಗುತ್ತಿದ್ದುದು ನಿಜ. ಆದರೆ ಆ ಗಾಂಭೀರ್ಯದಲ್ಲಿ ಸದ್ದಿರಲಿಲ್ಲ. ಮನೆಯ ಬಾಗಿಲು ನಮ್ಮದೂ ಮುಚ್ಚಿದ್ದ ಒಂದು ಮಧ್ಯಾಹ್ನ ಮೊಮ್ಮಗಳ ಮೊಬೈಲಿನಲ್ಲಿ ಯೂಟ್ಯೂಬಿನ ಮಸುಕು ಪ್ರತಿಯಲ್ಲಿ ಅದನ್ನು ಕಂಡೆ. ದುಡಿ ಚೋಮನ ಸಿಟ್ಟಿಗೆ ಮಾತಾಗಿದೆಯೆಂದು ಎಷ್ಟೋ ವರ್ಷ ವಿವರಿಸಿದ್ದೆನಲ್ಲ, ಆ ಸದ್ದು ಕಿವಿಗೆ ಬಿದ್ದಾಗ ವಿವರಣೆ ಅಷ್ಟೇನೂ ಬೇಕಾಗಿರಲಿಲ್ಲವೆನಿಸಿತು. ಅಷ್ಟು ಹೊತ್ತಿಗೆ ನಾನು ಸೇವೆಯಿಂದ ನಿವೃತ್ತನಾಗಿದ್ದೆ. ಆ ವಿದ್ಯಾರ್ಥಿಗಳೂ ಈಗ ಎಲ್ಲೆಲ್ಲೋ ಇದ್ದಾರೆ.

ಇನ್ನು ಡಬ್ಬಿಂಗಿನ ಮಾತು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರ ಮುಂದಾಳತನದಲ್ಲಿ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಚಳವಳಿ ನಡೆಯಿತು. ಕಾನೂನಾಗದಿದ್ದರೂ ಅದು ಕಟ್ಟುಪಾಡಾಗಿ ಐವತ್ತು ವರ್ಷ ಬಾಳಿತು. ಎಳೆಯ ಉದ್ಯಮವನ್ನು ಕಾಯುವುದಕ್ಕೆ ಆಗ ಅದು ಬೇಕಾಗಿತ್ತೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಬೇಲಿಯನ್ನು ಹಾಕಿದವರ ಕಣ್ಣ ಮುಂದೆ ಬೆಂಗಳೂರಿನ ಪ್ರೇಕ್ಷಕನಿದ್ದ. ಪರಭಾಷೆಯ ಚಿತ್ರ ಕನ್ನಡದಲ್ಲಿ ದೊರೆಯದಿದ್ದರೆ ಅವನು ಕನ್ನಡ ಚಿತ್ರಕ್ಕೆ ಹೋಗುತ್ತಾನೆಂಬುದು ಎಣಿಕೆ. ಬೀದರದವನು ಏನು ಮಾಡಬೇಕು? ಕನ್ನಡ ಚಿತ್ರವೂ ಬಾರದು, ಪರಭಾಷೆಯದು ಕನ್ನಡವಾಗಿಯೂ ಬಾರದು. ಅವನು ಹಿಂದಿಯನ್ನು ಹಿಂದಿಯಲ್ಲಿಯೇ, ತೆಲುಗನ್ನು ತೆಲುಗಿನಲ್ಲಿಯೇ ನೋಡಿದ. 1987ರ ರಾಮಾಯಣ ನಮ್ಮಲ್ಲಿ ಹಳೆಯ ಮೈಸೂರಿಗಿಂತ ಚೆನ್ನಾಗಿ ಅರ್ಥವಾಗಿರಬೇಕು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಕೂಡ ನಮ್ಮ ಮನೆಗಳಿಗೆ ಬಂದದ್ದು ಹಿಂದಿಯಾಗಿಯೇ: ಕನ್ನಡ ನಿರ್ದೇಶಕ, ಕನ್ನಡ ನಾಡು, ಗಿರೀಶ ಕಾರ್ನಾಡ, ಮಾಸ್ಟರ್ ಮಂಜುನಾಥ, ಮಾತು ಮಾತ್ರ ಹಿಂದಿ. 2015ರಲ್ಲಿ ಸ್ಪರ್ಧಾ ಆಯೋಗ ಈ ಕಟ್ಟುಪಾಡು ಸರಿಯಲ್ಲವೆಂದು ತೀರ್ಪಿತ್ತಿತು. ಅದು ನಿಜವಾಗಿ ಸಡಿಲವಾದದ್ದು 2020ರಲ್ಲಿ. ಚಿತ್ರೀಕರಣ ನಿಂತು ವಾಹಿನಿಗಳಿಗೆ ಹೊಸ ಕಂತುಗಳಿಲ್ಲದಾಗ ಮಹಾಭಾರತವೂ ಅಂಬೇಡ್ಕರರ ಜೀವನಕಥೆಯೂ ಕನ್ನಡದಲ್ಲಿ ಮಾತಾಡುತ್ತ ಮನೆಗಳಿಗೆ ಬಂದವು. ಚಳವಳಿಗಾರರೂ ನ್ಯಾಯಪೀಠಗಳೂ ಮಾಡಲಾಗದ್ದನ್ನು ರೋಗವೊಂದು ಮಾಡಿತು.

ಆ ವರ್ಷ ಬಸವ ಜಯಂತಿ ಏಪ್ರಿಲ್ 26ಕ್ಕೆ ಬಂದಿತ್ತು. ನಮ್ಮ ಜಿಲ್ಲೆಯಲ್ಲಿ ಆ ದಿನ ಮೆರವಣಿಗೆ ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. 84 ವರ್ಷದ ನಮ್ಮ ಕಾಕಾ ಮನೆಯಲ್ಲಿಯೇ ಬಸವಣ್ಣನವರ ಪಟಕ್ಕೆ ಹೂ ಏರಿಸಿ ಸುಮ್ಮನೆ ಕುಳಿತಿದ್ದರು. ಅವರು ಪೊಲೀಸ್ ಕಾರ್ಯಾಚರಣೆಯವರೆಗೆ ಓದಿದ್ದು ಉರ್ದು ಮಾಧ್ಯಮದಲ್ಲಿ. ವಚನಗಳನ್ನು ಇಂದಿಗೂ ಬೆರಳಿಟ್ಟು ಓದುವವರು. 1960ರಲ್ಲಿ ‘ಮುಘಲ್-ಎ-ಆಜಮ್’ ಬಂದಾಗ ಹೈದರಾಬಾದಿಗೆ ಹೋಗಿ ನೋಡಿ ಬಂದು ಅದರ ಸಂವಾದಗಳನ್ನು ಬಾಯಿಪಾಠ ಹೇಳುತ್ತಿದ್ದವರು. ಅದಕ್ಕೆ ಒಂದು ವರ್ಷ ಮೊದಲೇ, 1959ರಲ್ಲಿ, ‘ಜಗಜ್ಯೋತಿ ಬಸವೇಶ್ವರ’ ಬಂದಿತ್ತು. ಟಿ.ವಿ. ಸಿಂಗ್ ಠಾಕೂರ್ ಅದರ ನಿರ್ದೇಶಕರು. ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರರು ಬಿಜ್ಜಳ. ಬಸವಕಲ್ಯಾಣ ಇರುವುದು ನಮ್ಮ ಜಿಲ್ಲೆಯಲ್ಲಿ. ಅಲ್ಲಿ ನಡೆದ ಕಥೆಯ ಚಿತ್ರ ಅರವತ್ತು ವರ್ಷ ಕಾಕಾನ ಕಣ್ಣಿಗೆ ಬಿದ್ದಿರಲಿಲ್ಲ. ಅಂದು ತೋರಿಸಿದೆವು. ಕಣ್ಣು ದಣಿಯುತ್ತಿದ್ದುದರಿಂದ ಎರಡು ದಿನಗಳಲ್ಲಿ ನೋಡಿ ಮುಗಿಸಿದರು. ನಡುವೆ ಒಮ್ಮೆ ನನ್ನ ಕಡೆ ತಿರುಗಿ, “ತಮ್ಮಾ, ಇದು ನಮ್ಮ ಕಲ್ಯಾಣದ್ ಕಥಿ ಅಂತಿ. ಒಬ್ಬಾವ ಭೀ ನಮ್ಮಂಗ ಮಾತಾಡ್ಲತ್ತಿಲ್ಲಲ್ಲ?” ಎಂದರು.

ನಾನು ಅವರಿಗೆ ನಾಟಕ ಕಂಪನಿಗಳ ಕನ್ನಡದ ವಿಷಯ ಹೇಳಿದೆ. ಚಿತ್ರದ ನಟರು ರಂಗಭೂಮಿಯಿಂದ ಬಂದವರು, ಅಲ್ಲಿಯ ಮಾತಿನ ಠೀವಿಯನ್ನೇ ತಂದರು ಎಂದೆ. ಕಾಕಾ ಒಪ್ಪಲಿಲ್ಲ. ಅಕ್ಬರ್ ಬಾದಶಹನೇನು ಅಷ್ಟು ಚೆಂದದ ಉರ್ದು ಆಡಿದ್ದನೆ ಎಂದು ನಾನು ಕೇಳಿದ ಮೇಲೆ ನಕ್ಕು ಸುಮ್ಮನಾದರು. ಆದರೆ ಅವರ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದಲ್ಲ. ಚಿತ್ರ ತಕ್ಕ ಕಾಲಕ್ಕೆ ಬಂದಿದ್ದರೆ 23 ವರ್ಷದ ಕಾಕಾ ಬಿಜ್ಜಳನ ಆ ಕನ್ನಡವನ್ನೇ ಬಾಯಿಪಾಠ ಮಾಡುತ್ತಿದ್ದರು, ನಮ್ಮಂಥ ಹುಡುಗರ ಮುಂದೆ ಅದನ್ನೇ ಆಡಿ ತೋರಿಸುತ್ತಿದ್ದರು. 84ರಲ್ಲಿ ಅದು ಹೊರಗಿನವರ ಮಾತಾಗಿ ಕೇಳಿಸಿತು.

2020ರ ಅಕ್ಟೋಬರ್ 15ರಿಂದ ಚಿತ್ರಮಂದಿರಗಳು ಅರ್ಧ ಆಸನಗಳೊಂದಿಗೆ ಮತ್ತೆ ತೆರೆಯಲು ಅಪ್ಪಣೆಯಾಯಿತು. ‘ಘಟಶ್ರಾದ್ಧ’ದ ಹಳೆಯ ಪ್ರತಿಯನ್ನು ಹೊಸದಾಗಿ ಹಸನು ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು; ಇನ್ನು ಮಸುಕು ಪ್ರತಿಯೇ ಗತಿಯೆನ್ನುವಂತಿಲ್ಲ. ಬಸವೇಶ್ವರ ಮುಗಿದ ಮೇಲೆ ಕಾಕಾ, ಕನ್ನಡದ ಎಲ್ಲಕ್ಕಿಂತ ಮೊದಲಿನ ಚಿತ್ರ ಯಾವುದೋ ಅದನ್ನೂ ಹಚ್ಚು ಎಂದರು. ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ, ಬೆಂಗಳೂರಿನವರಿಗೂ ಅದು ಸಿಗುವುದಿಲ್ಲ ಎಂದು ತಿಳಿಸಿದೆ. ‘ಆಲಂ ಆರಾ’ ಹಚ್ಚು ಎಂದರು. ಅದೂ ಉಳಿದಿಲ್ಲ.