ಪುಣೆಗೆ ಬಂದವರನ್ನು ಕರೆದವರು ಯಾರು?

1952ರಲ್ಲಿ ಭಾರತ ಸರ್ಕಾರ ನ್ಯೂಯಾರ್ಕಿನಲ್ಲಿ ತನ್ನ ಮೊದಲ ಸಾಗರೋತ್ತರ ಪ್ರವಾಸಿ ಕಚೇರಿಯನ್ನು ತೆರೆಯಿತು. ಅದೇ ವರ್ಷ ಮುಂಬೈಗೆ ಬಂದಿದ್ದ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರಿಗೆ ಪುಣೆಯ ಒಬ್ಬ ಯೋಗ ಶಿಕ್ಷಕರ ಪರಿಚಯವಾಯಿತು. ಮೆನುಹಿನ್‌ರನ್ನು ದೇಶಕ್ಕೆ ಆಹ್ವಾನಿಸಿದ್ದು ನೆಹರೂ ಎಂಬುದು ನಿಜ. ಆದರೆ ಅವರು ಬಂದದ್ದು ಬರಗಾಲದ ಪರಿಹಾರ ನಿಧಿಗಾಗಿ ಕಛೇರಿ ಕೊಡಲು. ಪ್ರವಾಸೋದ್ಯಮದ ಲೆಕ್ಕ ಆಗ ಯಾರ ತಲೆಯಲ್ಲೂ ಇದ್ದಿರಲಾರದು.

ಆ ಶಿಕ್ಷಕರು ನಮ್ಮ ಕೋಲಾರದ ಬೆಳ್ಳೂರಿನವರು, ಬಿ.ಕೆ.ಎಸ್. ಅಯ್ಯಂಗಾರ್. ಮೈಸೂರಿನ ಯೋಗಶಾಲೆಯಲ್ಲಿ ಕಲಿತಿದ್ದ ಅವರನ್ನು ಗುರು ತಿರುಮಲೈ ಕೃಷ್ಣಮಾಚಾರ್ಯರು 1937ರಲ್ಲಿ ಆರು ತಿಂಗಳ ಪಾಠಕ್ಕೆಂದು ಪುಣೆಗೆ ಕಳಿಸಿದರು. ಆಗ ಅವರಿಗೆ ಹದಿನೆಂಟು ವರ್ಷ. ಮರಾಠಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೇ. ಆರು ತಿಂಗಳಿಗೆ ಹೋದವರು ಜೀವನಪೂರ್ತಿ ಅಲ್ಲೇ ಉಳಿದರು. 1954ರಲ್ಲಿ ಮೆನುಹಿನ್ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. 1966ರಲ್ಲಿ ‘ಲೈಟ್ ಆನ್ ಯೋಗ’ ಲಂಡನ್ನಿನಲ್ಲಿ ಅಚ್ಚಾಯಿತು. 1975ರಲ್ಲಿ, ತೀರಿಕೊಂಡ ಹೆಂಡತಿ ರಮಾಮಣಿಯವರ ಹೆಸರಿನಲ್ಲಿ ಪುಣೆಯ ಶಿವಾಜಿನಗರದಲ್ಲಿ ಯೋಗ ಸಂಸ್ಥೆ ಬಾಗಿಲು ತೆರೆಯಿತು. ಯುರೋಪು, ಅಮೆರಿಕಗಳಿಂದ ಕಲಿಯಲು ಬರುವವರು ಊರಲ್ಲಿ ಹಲವು ವರ್ಷ ಅಭ್ಯಾಸ ಮಾಡಿರಬೇಕು, ಆಮೇಲೆ ಸರದಿಗೆ ಕಾಯಬೇಕು. ಗಿರಾಕಿಯನ್ನೇ ಕಾಯಿಸುವ ಪ್ರವಾಸಿ ತಾಣ ಇನ್ನೆಲ್ಲಿದೆ, ನೀವೇ ಹೇಳಿ!

ಊರಿನ ಇನ್ನೊಂದು ದಿಕ್ಕಿನಲ್ಲಿ, ಕೋರೆಗಾಂವ್ ಪಾರ್ಕಿನಲ್ಲಿ, 1974ರಿಂದ ರಜನೀಶರ ಆಶ್ರಮ. ಅದರ ಕತೆಯೇ ಬೇರೆ, ವಿವಾದಗಳೂ ಬೇರೆ. ಆದರೂ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ಪುಣೆಗೆ ವಿದೇಶಿಯರನ್ನು ತಂದದ್ದು ದೆಹಲಿಯ ಜಾಹೀರಾತಲ್ಲ.

ಹಾಗಾದರೆ ದೆಹಲಿ ಏನು ಮಾಡುತ್ತಿತ್ತು? ಎಣಿಸುತ್ತಿತ್ತು. 1951ರಲ್ಲಿ ಬಂದ ವಿದೇಶಿ ಪ್ರವಾಸಿಗರು ಸುಮಾರು 17 ಸಾವಿರ. 1958ರಲ್ಲಿ ಪ್ರತ್ಯೇಕ ಪ್ರವಾಸೋದ್ಯಮ ಇಲಾಖೆ, 1966ರಲ್ಲಿ ಐಟಿಡಿಸಿ ಹುಟ್ಟಿದವು. 1991 ಅನ್ನು ‘ವಿಸಿಟ್ ಇಂಡಿಯಾ’ ವರ್ಷ ಎಂದು ಸಾರಲಾಯಿತು. ಕೊಲ್ಲಿ ಯುದ್ಧ ಬಂತು, ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಹಿಂದಿನ ವರ್ಷ 17.1 ಲಕ್ಷವಿದ್ದ ಸಂಖ್ಯೆ 16.8 ಲಕ್ಷಕ್ಕೆ ಇಳಿಯಿತು. 2002ರಲ್ಲಿ ‘ಇನ್‌ಕ್ರೆಡಿಬಲ್ ಇಂಡಿಯಾ’ ಶುರುವಾದಾಗ ಬಂದವರು 23.8 ಲಕ್ಷ. 2019ರ ಹೊತ್ತಿಗೆ 1.09 ಕೋಟಿ. ಇದರಲ್ಲಿ ಜಾಹೀರಾತಿನ ಪಾಲಿಲ್ಲ ಎನ್ನುವುದು ಅನ್ಯಾಯ. ಅಗ್ಗದ ವಿಮಾನ ಟಿಕೆಟ್ಟು, ಇ-ವೀಸಾಗಳ ಪಾಲನ್ನು ಮರೆಯುವುದೂ ಅಷ್ಟೇ ಅನ್ಯಾಯ.

ಗುರಿಯ ಕತೆ ಇನ್ನೂ ಸ್ವಾರಸ್ಯ. ಜಗತ್ತಿನ ಪ್ರವಾಸಿಗರಲ್ಲಿ ಶೇ. 1ರಷ್ಟು ಪಾಲು ನಮಗೆ ಬರಬೇಕೆಂದು 12ನೇ ಪಂಚವಾರ್ಷಿಕ ಯೋಜನೆ ಹೇಳಿತ್ತು. 2014ರಲ್ಲಿ ಬಂದ ವಿದೇಶಿಯರು ಸುಮಾರು 77 ಲಕ್ಷ, ಗುರಿಗೆ ಬಹಳ ಕಡಿಮೆ. ಆ ವರ್ಷದ ಅಂಕಿಗಳಿಗೆ ರಜೆಗೆ ಊರಿಗೆ ಬರುವ ಅನಿವಾಸಿ ಭಾರತೀಯರನ್ನೂ ಸೇರಿಸಿದ್ದೇ ತಡ, ಮೊತ್ತ 1.31 ಕೋಟಿಯಾಯಿತು. 40ರ ಆಸುಪಾಸಿನಲ್ಲಿದ್ದ ನಮ್ಮ ಸ್ಥಾನ 24ಕ್ಕೆ ಏರಿತು. ವಿಶ್ವಸಂಸ್ಥೆಯ ನಿಯಮದಂತೆ ಇದರಲ್ಲಿ ತಪ್ಪೇನಿಲ್ಲ. ಆದರೆ ಅಮ್ಮನ ಮನೆಗೆ ಬಂದ ಮಗಳೂ ಪ್ರವಾಸಿಯಾದಳು.

ತಲೆಯೆಣಿಕೆಯ ಈ ಲೆಕ್ಕದಲ್ಲಿ ಎರಡು ರಾತ್ರಿ ತಂಗಿ ತಾಜ್‌ಮಹಲ್ ನೋಡಿ ಹೋದವನೂ ಒಂದೇ ತಲೆ. ಪುಣೆಯಲ್ಲಿ ಬಾಡಿಗೆ ಕೋಣೆ ಹಿಡಿದು, ಆಟೋದವನಿಗೆ, ತರಕಾರಿಯವಳಿಗೆ ದಿನಾ ದುಡ್ಡು ಕೊಟ್ಟು ಎರಡು ತಿಂಗಳು ಯೋಗ ಕಲಿತವಳೂ ಒಂದೇ ತಲೆ. ನನ್ನ ತಕರಾರು ಖರ್ಚಿನ ಬಗ್ಗೆ ಅಲ್ಲ, ಈ ಅಳತೆಗೋಲಿನ ಬಗ್ಗೆ.

ಈಗ ಖರ್ಚೂ ಕರಗಿದೆ. 2023ರ ಮಾರ್ಚ್ ಕೊನೆಗೆ ಹೊರದೇಶಗಳ ಪ್ರವಾಸಿ ಕಚೇರಿಗಳನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಸಾಗರೋತ್ತರ ಪ್ರಚಾರಕ್ಕೆ 2024-25ರ ಬಜೆಟ್ಟಿನಲ್ಲಿ ಸುಮಾರು 33 ಕೋಟಿ ರೂಪಾಯಿ ಇತ್ತು, 2025-26ರಲ್ಲಿ ಉಳಿದದ್ದು 3 ಕೋಟಿ ಚಿಲ್ಲರೆ. ಮೆನುಹಿನ್ ಬಂದ ವರ್ಷ ತೆರೆದದ್ದನ್ನು ಎಪ್ಪತ್ತು ವರ್ಷದ ಮೇಲೆ ಮುಚ್ಚಿದಂತಾಯಿತು.

ಅಯ್ಯಂಗಾರ್ 2014ರ ಆಗಸ್ಟ್ 20ರಂದು ಪುಣೆಯಲ್ಲೇ ತೀರಿಕೊಂಡರು. ಅಂತರರಾಷ್ಟ್ರೀಯ ಯೋಗ ದಿನದ ಪ್ರಸ್ತಾಪ ವಿಶ್ವಸಂಸ್ಥೆಗೆ ಹೋದದ್ದು ಅದರ ಮರುತಿಂಗಳು. ಪ್ರವಾಸಿ ವೀಸಾದ ಮೇಲೆ ಅಲ್ಪಾವಧಿಯ ಯೋಗ ಶಿಬಿರಕ್ಕೆ ಬರಬಹುದೆಂದು ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ಪುಣೆಯ ಆ ಸಂಸ್ಥೆ ಬಾಗಿಲು ತೆರೆದು 41 ವರ್ಷಗಳಾದ ಮೇಲೆ.