ಪೋಡಿಯಾಗದ ವಿಳಾಸಗಳು

ಹೆಸರು ಕೊಟ್ಟರೆ ಐಪಿ ನಂಬರು ಹೇಳುವುದು ಡಿಎನ್ಎಸ್ ಕೆಲಸ, ಅದು ನಿಮಗೆಲ್ಲ ಗೊತ್ತು. ನಂಬರು ಕೊಟ್ಟರೆ ಹೆಸರು ಹೇಳುವ ಉಲ್ಟಾ ಕೆಲಸವೂ ಒಂದಿದೆ, ರಿವರ್ಸ್ ಡಿಎನ್ಎಸ್ ಅಂತ. ಇದರ ಕಥೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ...

ಪಾಲ್ ಮೊಕಪೆಟ್ರಿಸ್ 1987ರಲ್ಲಿ ಬರೆದ ಆರ್‌ಎಫ್‌ಸಿ 1035ರಲ್ಲಿ ಇದರ ವಿವರ ಇದೆ. 192.0.2.5 ಅನ್ನೋ ವಿಳಾಸವನ್ನು 5.2.0.192 ಅಂತ ತಿರುಗಿಸಿ, ಕೊನೆಗೆ ‘ಇನ್-ಆಡರ್.ಆರ್ಪಾ’ ಅಂಟಿಸಿ ಹುಡುಕಬೇಕು. ಯಾಕೆ ತಿರುಗಿಸೋದು? ಡಿಎನ್ಎಸ್ ಹೆಸರಿನಲ್ಲಿ ಚಿಕ್ಕದು ಮೊದಲು, ಲಕೋಟೆ ಮೇಲೆ ಮನೆ, ಬೀದಿ, ಊರು ಬರೆದ ಹಾಗೆ. ನಂಬರಿನಲ್ಲಿ ಊರೇ ಮೊದಲು. ಇನ್ನೊಂದು ವಿಷಯ, ಚುಕ್ಕೆ ಇದ್ದಲ್ಲಿ ಮಾತ್ರ ಹೆಸರಿಡುವ ಅಧಿಕಾರವನ್ನು ಬೇರೆಯವರಿಗೆ ಒಪ್ಪಿಸಬಹುದು. ಆಗಿನ ಅತಿ ಚಿಕ್ಕ ಹಂಚಿಕೆಯೇ 256 ವಿಳಾಸಗಳ ಕ್ಲಾಸ್ ಸಿ, ಹಾಗಾಗಿ ತೊಂದರೆ ಇರಲಿಲ್ಲ.

1993ರಲ್ಲಿ ಸಿಐಡಿಆರ್ ಬಂತು. ವಿಳಾಸಗಳು ಮುಗಿದುಹೋಗುತ್ತವೆ ಅನ್ನೋ ಭಯಕ್ಕೆ ಕ್ಲಾಸುಗಳ ಲೆಕ್ಕ ಬಿಟ್ಟು 8, 16, 64 ಹೀಗೆ ಬೇಕಾದಷ್ಟೇ ಕೊಡಬಹುದು ಅಂತಾಯ್ತು. ಆದರೆ 256ರ ಒಳಗೆ ಚುಕ್ಕೆ ಎಲ್ಲಿಂದ ತರೋದು? ಇದು ಪೋಡಿಯಾಗದ ಜಮೀನಿನ ಕಥೆಯೇ. ಉಳುವವರು ನಾವು, ಪಹಣಿ ಮಾತ್ರ ದೊಡ್ಡಪ್ಪನ ಹೆಸರಲ್ಲಿ! ಒಂದು ಹೆಸರು ಬದಲಿಸಬೇಕಾದರೂ ಐಎಸ್‌ಪಿ ಮುಂದೆ ಕೈಕಟ್ಟಿ ನಿಲ್ಲಬೇಕು. ಮೇಲ್ ಸರ್ವರ್ ಇಟ್ಟುಕೊಂಡವರಿಗೆ ಇದರ ಬಿಸಿ ಗೊತ್ತು. ರಿವರ್ಸ್ ಹೆಸರಿಲ್ಲದ ನಂಬರಿನಿಂದ ಬಂದ ಮೇಲನ್ನು ಎಷ್ಟೋ ಸರ್ವರುಗಳು ಬಾಗಿಲಲ್ಲೇ ವಾಪಸ್ ಕಳಿಸುತ್ತವೆ.

1998ರ ಮಾರ್ಚಿನಲ್ಲಿ ಆರ್‌ಎಫ್‌ಸಿ 2317 ಬಂತು. ಬರೆದವರು ಹೋವಾರ್ಡ್ ಐಡ್ನೆಸ್, ಗೀರ್ಟ್ ಯಾನ್ ಡಿ ಗ್ರೂಟ್ ಮತ್ತು ಪಾಲ್ ವಿಕ್ಸಿ. ಉಪಾಯ ಮೊದಲೇ ಒಂದು ನ್ಯೂಸ್‌ಗ್ರೂಪಿನಲ್ಲಿ ಬಂದಿತ್ತು ಅಂತ ಅವರೇ ಹೇಳಿದ್ದಾರೆ. ಐಎಸ್‌ಪಿ ತನ್ನ ಝೋನಿನಲ್ಲಿ ಪ್ರತಿ ನಂಬರಿಗೂ ಒಂದು ಸಿ-ನೇಮ್ ಬರೆದು ‘ಅಲ್ಲಿ ಕೇಳಿ’ ಅಂತ ಇನ್ನೊಂದು ಝೋನಿನ ಕಡೆ ಕೈ ತೋರಿಸುತ್ತದೆ. ಆ ಝೋನನ್ನು ಎನ್ಎಸ್ ದಾಖಲೆಯ ಮೂಲಕ ಗಿರಾಕಿಗೆ ಒಪ್ಪಿಸುತ್ತದೆ. ಇಷ್ಟೇ! ಆಮೇಲೆ ಪಿಟಿಆರ್ ದಾಖಲೆಗಳನ್ನು ಗಿರಾಕಿಯೇ ಬರೆದುಕೊಳ್ಳಬಹುದು. ನನಗೆ ಖುಷಿ ಕೊಟ್ಟದ್ದು ಅವರ ಉದಾಹರಣೆಯ ಝೋನ್ ಹೆಸರುಗಳು: 0/25, 128/26... ಥೇಟ್ ನಮ್ಮ ಸರ್ವೆ ನಂಬರ್ 45/1, 45/2 :) ಓರೆಗೀಟು ಹಿಡಿಸದವರು ಹೈಫನ್ ಹಾಕಿಕೊಳ್ಳಿ ಅಂತ ಅದರಲ್ಲೇ ಸಲಹೆಯೂ ಇದೆ.

ಸಣ್ಣ ತುಂಡು ಹಂಚುವುದಕ್ಕೆ ಇದ್ದ ಆಕ್ಷೇಪಗಳಲ್ಲಿ ಈ ರಿವರ್ಸ್ ಝೋನ್ ಕೂಡ ಒಂದಾಗಿತ್ತು, ಅದನ್ನು ತೆಗೆಯುವುದು ಅವರ ಉದ್ದೇಶ. ಐಪಿವಿ6ನವರು ಜಾಣರು, 1995ರಲ್ಲೇ ಪ್ರತಿ 4 ಬಿಟ್ಟಿಗೊಂದು ಚುಕ್ಕೆ ಇಟ್ಟುಕೊಂಡರು. ಐಪಿವಿ4ನಲ್ಲಿ ಮಾತ್ರ ಆ ಸಿ-ನೇಮ್ ಬರೆಯಬೇಕಾದವರು ಇವತ್ತಿಗೂ ಐಎಸ್‌ಪಿಯವರೇ. ಕೆಲವರು ಕೇಳಿದ ದಿನವೇ ಬರೆದುಕೊಡುತ್ತಾರೆ, ಕೆಲವರು ಫಾರಂ ತುಂಬಿ ಅನ್ನುತ್ತಾರೆ.