ಹಿರಿಯ ಮೀನಿಗೆ ಕಿರಿಯ ಮೀನು

ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ನಿಂತು, ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು ಅಕ್ಕಿಯನ್ನೂ ತರಕಾರಿಯನ್ನೂ ಸಿಮೆಂಟನ್ನೂ ಹೊಟ್ಟೆತುಂಬ ತುಂಬಿಕೊಳ್ಳುವುದನ್ನು ಕಂಡವರಿಗೆ, ಆ ದ್ವೀಪಗಳಿಗೂ ನಮ್ಮ ಕರಾವಳಿಗೂ ಇರುವ ಸಂಬಂಧವು ನಿನ್ನೆ ಮೊನ್ನೆಯದಲ್ಲವೆಂಬುದು ತಾನಾಗಿಯೇ ವಿದಿತವಾಗುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ಟಿಪ್ಪುವಿನ ಪತನಾನಂತರ ಕೆನರಾ ಜಿಲ್ಲೆಗೂ, ಅದು ಇಬ್ಭಾಗವಾದ ಮೇಲೆ ದಕ್ಷಿಣ ಕನ್ನಡಕ್ಕೂ ಸೇರಿ, 1956ರವರೆಗೆ ಮಂಗಳೂರಿನ ಕಲೆಕ್ಟರನ ಆಳ್ವಿಕೆಯಲ್ಲಿಯೇ ಇದ್ದವು. ಅಲ್ಲಿಯ ಜನ ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೆ ಒಪ್ಪಿಸಿ ಅಕ್ಕಿಯನ್ನು ಪಡೆಯುತ್ತಿದ್ದರು. ಆದರೆ ನಾನು ಹೇಳಹೊರಟಿರುವುದು ಇವೆಲ್ಲಕ್ಕಿಂತ ಬಹು ದಕ್ಷಿಣಕ್ಕೆ, ಒಂಬತ್ತನೆಯ ಡಿಗ್ರಿಯ ಕಾಲುವೆಯ ಆಚೆಗೆ ಏಕಾಂಗಿಯಾಗಿ ಮಲಗಿರುವ ಮಿನಿಕಾಯ್ ದ್ವೀಪದ ಮಾತು. ಕಣ್ಣನೂರಿನ ಅರಕ್ಕಲ್ ಮನೆತನದ ಕೈಯಿಂದ ಮಲಬಾರಿಗೆ ಸಂದ ಈ ದ್ವೀಪ ಎಂದೂ ನಮ್ಮ ಜಿಲ್ಲೆಯದಾಗಿರಲಿಲ್ಲ; ಭಾಷೆಯಿಂದಲೂ ಆಚಾರದಿಂದಲೂ ಅದು ಮಾಲ್ಡೀವ್ಸಿನ ತಂಗಿ.

ಅಲ್ಲಿಯ ಮಹಲ್ ಭಾಷೆಯಲ್ಲಿ ಮೀನಿಗೆ ‘ಮಾಸ್’ ಎನ್ನುತ್ತಾರೆ. ಸಂಸ್ಕೃತದ ‘ಮತ್ಸ್ಯ’ವೇ ಕಡಲು ದಾಟಿ, ಅಲೆಗಳಲ್ಲಿ ಉರುಳುವ ಕಲ್ಲಿನಂತೆ ಸವೆದು ಈ ರೂಪವನ್ನು ತಾಳಿದೆ. ಟ್ಯೂನಾ ಮೀನನ್ನು ಸೀಳಿ, ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೊಡ್ಡಿ ಮರದ ತುಂಡಿನಂತೆ ಗಟ್ಟಿಯಾಗಿಸಿದ ಪದಾರ್ಥವೇ ವ್ಯಾಪಾರಿಗಳ ‘ಮಾಸ್‌ಮೀನು’. ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತನು 1343ರಲ್ಲಿ ಮಾಲ್ಡೀವ್ಸಿಗೆ ಬಂದಿಳಿದು, ಅಲ್ಲಿ ಖಾಜಿಯ ಪದವಿಯಲ್ಲಿದ್ದ ಕಾಲದಲ್ಲಿ, ಮೀನನ್ನು ನಾಲ್ಕು ಹೋಳುಮಾಡಿ, ಅರೆಬೇಯಿಸಿ, ಗರಿಯ ಬುಟ್ಟಿಯಲ್ಲಿಟ್ಟು ಹೊಗೆಗೆ ತೂಗುವುದನ್ನು ಕಣ್ಣಾರೆ ನೋಡಿ ಬರೆದಿಟ್ಟನು. ಅದು ಭಾರತಕ್ಕೂ ಚೀನಕ್ಕೂ ಯೆಮೆನ್‌ಗೂ ಹೋಗುತ್ತಿದ್ದಿತೆಂದೂ ತಿಳಿಸಿದನು. 1602ರಲ್ಲಿ ಹಡಗು ಒಡೆದು ಅದೇ ದ್ವೀಪಗಳಲ್ಲಿ ಐದು ವರ್ಷ ಸೆರೆಯಂತೆ ಕಳೆದ ಫ್ರೆಂಚ್ ನಾವಿಕ ಪಿರಾರ್, ಸಣ್ಣ ಮೀನುಗಳನ್ನು ನೀರಿಗೆ ಎರಚಿ, ಕೋಲಿಗೆ ಕಟ್ಟಿದ ಗಾಳದಿಂದ ಹಿರಿಯ ಮೀನನ್ನು ಎಳೆಯುವ ರೀತಿಯನ್ನು ವರ್ಣಿಸಿದ್ದಾನೆ.

ಆ ಎರಚುವ ಸಣ್ಣ ಮೀನು ಸತ್ತದ್ದಾದರೆ ಪ್ರಯೋಜನವಿಲ್ಲ, ಅದು ಜೀವಂತವಾಗಿರಬೇಕು. ಈ ಕಸುಬಿನ ಸಮಸ್ತ ಕೌಶಲವೂ ಇಷ್ಟರಲ್ಲಿಯೇ ಅಡಗಿದೆ.

ಮಿನಿಕಾಯಿಯ ಪಶ್ಚಿಮಕ್ಕೆ ಹವಳದ ದಿಬ್ಬವು ಬಳಸಿಕೊಂಡಿರುವ ಒಳಗಡಲು, ಲಗೂನ್ ಎಂದು ಕರೆಯುವ ಆ ತಿಳಿಗೊಳ, ದ್ವೀಪಕ್ಕಿಂತ ಹಲವು ಪಟ್ಟು ವಿಶಾಲವಾದದ್ದು. ಹೊಂಡೆಲಿ, ರಹಿ, ಬೋದಿ, ನೀಲಮಹಿ, ಮುಗುರಾಂಗ್ ಮೊದಲಾದ ಆಮಿಷದ ಮೀನುಗಳು ಅಲ್ಲಿ ವಾಸಿಸುತ್ತವೆ. ನೀಲಮಹಿಯ ಮೊದಲರ್ಧವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹವಳದ ಕೊಂಬೆಗಳ ನಡುವೆ ಸುಳಿಯುವ ಅದರ ಮೈಬಣ್ಣವೇ ಅದರ ಹೆಸರು. ಹೊಂಡೆಲಿಯಾದರೋ ಬೆರಳುದ್ದದ, ಬೆಳ್ಳಿಯ ಸೂಜಿಯಂಥ ಪ್ರಾಣಿ. ಒರಟಾಗಿ ಮುಟ್ಟಿದರೆ ಹುರುಪೆ ಉದುರುತ್ತದೆ, ಹುರುಪೆ ಉದುರಿದ ಮೀನು ಬಹಳ ಹೊತ್ತು ಬದುಕದು. ಆದುದರಿಂದ ಅದನ್ನು ಬಲೆಯಿಂದ ನೆಲಕ್ಕೆ ಸುರಿಯುವಂತಿಲ್ಲ, ಕೈಯಲ್ಲಿ ಬಾಚುವಂತಿಲ್ಲ. ನೀರಿನೊಡನೆಯೇ ಎತ್ತಿ ನೀರಿನೊಳಕ್ಕೇ ಬಿಡಬೇಕು. ಬೋದಿಯಂಥವು ಹವಳದ ಬಂಡೆಯ ಮರೆಯನ್ನು ಬಿಟ್ಟು ದೂರ ಹೋಗವು. ಬಂಡೆಯ ಬಳಿ ಚೌಕದ ಬಲೆಯನ್ನು ಕೋಲುಗಳಿಂದ ಇಳಿಬಿಟ್ಟು, ಅರೆದ ಮೀನಿನ ತುಣುಕನ್ನು ಅದರ ಮೇಲೆ ಉದುರಿಸಿ, ಹಿಂಡು ನೆರೆದೊಡನೆ ನಾಲ್ಕು ಮೂಲೆಗಳನ್ನೂ ಏಕಕಾಲಕ್ಕೆ ಎತ್ತಬೇಕು.

ಹೀಗೆ ಹಿಡಿದ ಜೀವಗಳನ್ನು ಹೊರಗಡಲಿನವರೆಗೆ ಉಸಿರಾಡಿಸಿಕೊಂಡು ಒಯ್ಯುವುದು ಹೇಗೆ? ದೋಣಿಯ ನಡುವೆ ಹಲಗೆಗಳಿಂದ ಅಡ್ಡಗಟ್ಟಿದ ಒಂದು ಕೋಣೆ. ಅದರ ತಳದಲ್ಲಿ ಬೇಕೆಂದೇ ಕೊರೆದ ರಂಧ್ರಗಳು. ಒಂದೊಂದಕ್ಕೂ ಒಂದು ಮರದ ಬೆಣೆ. ದೋಣಿಯ ತಳ ತೂತಾದೀತೆಂಬುದು ಲೋಕದ ಅಂಬಿಗರೆಲ್ಲರ ಭಯವಾಗಿರಲು, ಇಲ್ಲಿಯ ಬಡಗಿಯು ತಾನೇ ತೂತು ಕೊರೆದು, ಕಡಲನ್ನು ದೋಣಿಯೊಳಕ್ಕೆ ಆಹ್ವಾನಿಸಿದ್ದಾನೆ. ಬೆಣೆ ಕಿತ್ತರೆ ತಣ್ಣೀರು ಬುಗ್ಗೆಯಂತೆ ಮೇಲೆದ್ದು ಕೋಣೆಯನ್ನು ತುಂಬುತ್ತದೆ. ತುಂಬಿ ಹೊರಚೆಲ್ಲಿದ ನೀರನ್ನು ಆಳುಗಳು ಎಡೆಬಿಡದೆ ಮೊಗೆದು ಹೊರಗೆ ಹಾಕುತ್ತಿರುತ್ತಾರೆ. ಮೊಗೆಯುವ ತೋಳು ಸೋತರೆ ಆಮಿಷ ಸಾಯುತ್ತದೆ, ಆಮಿಷ ಸತ್ತರೆ ಆ ದಿನದ ಬೇಟೆ ವ್ಯರ್ಥ. ಪಂಪು ಯಂತ್ರಗಳು ಬರುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ಓದುಬರಹವಿಲ್ಲದ ಬಡಗಿಯೊಬ್ಬನು ಕಂಡುಕೊಂಡಿರಬಹುದಾದ ಈ ಉಪಾಯವನ್ನು ನಾನು ಮನುಷ್ಯಬುದ್ಧಿಯ ಶ್ರೇಷ್ಠ ಕಾಣಿಕೆಗಳಲ್ಲಿ ಒಂದೆಂದು ಗಣಿಸುತ್ತೇನೆ.

ಹೊರಗಡಲಿನಲ್ಲಿ ಹಕ್ಕಿಗಳು ಮುತ್ತಿದ ತಾಣವನ್ನು ಕಂಡು ದೋಣಿ ಅತ್ತ ಧಾವಿಸುವುದು, ಒಬ್ಬನು ಹಿಡಿಹಿಡಿಯಾಗಿ ಜೀವಂತ ಮೀನನ್ನು ಎರಚುವುದು, ಉಳಿದವರು ನೀರನ್ನು ಚಿಮುಕಿಸಿ ಕಿರುಮೀನಿನ ಹಿಂಡೇ ತುಳುಕುತ್ತಿದೆಯೆಂಬ ಭ್ರಮೆಯನ್ನು ಹುಟ್ಟಿಸುವುದು, ಹಿಂಬದಿಯ ಅಟ್ಟಣೆಯಲ್ಲಿ ಸಾಲಾಗಿ ನಿಂತವರ ಮರುಮುಳ್ಳಿಲ್ಲದ ಗಾಳಗಳಿಂದ ಟ್ಯೂನಾ ಮೀನುಗಳು ಗಾಳಿಯಲ್ಲಿ ಹಾರಿ ಬೆನ್ನ ಹಿಂದೆ ದೊಪ್ಪನೆ ಬೀಳುವುದು, ಇವೆಲ್ಲ ಕೆಲವೇ ನಿಮಿಷಗಳ ಕೋಲಾಹಲ. ಗಾಳಕ್ಕೆ ಮರುಮುಳ್ಳಿಲ್ಲದಿರುವುದರಿಂದ ಮೀನನ್ನು ಬಿಡಿಸುವ ಕೆಲಸವೇ ಇಲ್ಲ. ದಾರ ಸಡಿಲವಾದೊಡನೆ ಅದು ತಾನೇ ಕಳಚಿ ಬೀಳುತ್ತದೆ.

ಮಾಲ್ಡೀವ್ಸಿನಲ್ಲಿ ಈಚಿನ ಕೆಲವು ದಶಕಗಳಿಂದ ಆಮಿಷ ಹಿಡಿಯುವ ಕೆಲಸ ಬಹುಮಟ್ಟಿಗೆ ಹಗಲಿನಿಂದ ರಾತ್ರಿಗೆ ಸರಿದಿದೆ. ಹವಳದಿಬ್ಬದ ಮಗ್ಗುಲಲ್ಲಿ ಲಂಗರು ಹಾಕಿ ದೀಪವನ್ನು ನೀರಿನ ಮೇಲೆ ತೂಗಿದರೆ, ಕಣ್ಣಿಗೆ ಕಾಣದ ಜಲಜೀವಿಗಳು ಬೆಳಕಿಗೆ ಮುತ್ತುತ್ತವೆ, ಅವುಗಳ ಬೆನ್ನಿಗೆ ಕಿರುಮೀನುಗಳು ಬರುತ್ತವೆ. ಅಮಾವಾಸ್ಯೆಯ ಕತ್ತಲೆಯಲ್ಲಿ ಹಿಂಡು ಒತ್ತಾಗಿಯೂ, ಬೆಳದಿಂಗಳಲ್ಲಿ ಚದುರಿಯೂ ಇರುತ್ತದೆ. ನಸುಕಿನ ಮುನ್ನ ಬಲೆ ಎತ್ತಿದರೆ ಸೂರ್ಯೋದಯಕ್ಕೆ ದೋಣಿ ಹೊರಗಡಲು ಸೇರಿರುತ್ತದೆ. ಅನುಕೂಲವೇನೋ ನಿಜ, ಆದರೆ ಸುಲಭವಾಗಿ ದೊರೆತದ್ದನ್ನು ಬೇಕಾದುದಕ್ಕಿಂತ ಹೆಚ್ಚು ಬಾಚುವ ಪ್ರಲೋಭನೆಯೂ ಆ ದೀಪದೊಡನೆಯೇ ಬರುತ್ತದೆ.

ಸ್ವಾತಂತ್ರ್ಯಾನಂತರ, 1958ರಲ್ಲಿ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಮಿನಿಕಾಯಿಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಸಂಸ್ಥೆಯ ನಿರ್ದೇಶಕರಾಗಿದ್ದ ಎಸ್. ಜೋನ್ಸ್ ಅವರು ಈ ಆಮಿಷದ ಮೀನುಗಳನ್ನು ಒಂದೊಂದಾಗಿ ಗುರುತಿಸಿ ದಾಖಲಿಸಿದರು. 1960ರ ದಶಕದಲ್ಲಿ ಯಾಂತ್ರಿಕ ದೋಣಿಗಳೊಂದಿಗೆ ಈ ವಿದ್ಯೆ ಅಗತ್ತಿಯೇ ಮೊದಲಾದ ಇತರ ದ್ವೀಪಗಳಿಗೂ ಹಬ್ಬಿತು. ಆಗ ಸ್ಪಷ್ಟವಾದ ಸಂಗತಿಯೊಂದನ್ನು ಮಿನಿಕಾಯಿಯ ಹಿರಿಯರು ಮೊದಲೇ ಬಲ್ಲವರಾಗಿದ್ದರು: ಹೊರಗಡಲಿನಲ್ಲಿ ಟ್ಯೂನಾ ಎಷ್ಟೇ ಇರಲಿ, ಒಳಗಡಲಿನಲ್ಲಿ ಕಿರುಮೀನು ಇಲ್ಲದ ದಿನ ದೋಣಿ ದಡದಲ್ಲಿಯೇ ಉಳಿಯುತ್ತದೆ. ಹವಳವನ್ನು ಅವಲಂಬಿಸಿದ ನೀಲಮಹಿಗೂ ಬೋದಿಗೂ ಹವಳವೇ ಮನೆ. 1998ರಲ್ಲಿ ಕಡಲು ಅತಿಯಾಗಿ ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿ ಅಪಾರವಾಗಿ ನಾಶವಾದವು.

ಬಲೆಯಿಂದ ಸಾಗರವನ್ನೇ ಸೋಸುವ ಇಂದಿನ ಕಾಲದಲ್ಲಿ, ಒಂದೊಂದೇ ಮೀನನ್ನು ಕೈಯಾರೆ ಎತ್ತುವ ಈ ಕಸುಬು ಉಳಿಯಬೇಕೆಂದು ಬಯಸುವವರು ಲಗೂನಿನಲ್ಲಿ ಹೂಳೆತ್ತುವುದಕ್ಕೂ ಹವಳ ಒಡೆಯುವುದಕ್ಕೂ ಮುನ್ನ ಆ ಬೆರಳುದ್ದದ ಹೊಂಡೆಲಿಯನ್ನು ಒಮ್ಮೆ ನೆನೆಯಲಿ.